ರೆಸ್ತೊ ಮೇಲಿನ ಗೀಟು

ಮದಲೂರು
೯ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಶ್ವಿನಿ,

ನಿನ್ನ ಸೊಂಟನೋವು ಹೇಗಿದೆ? ನೀನು ನೋಡಿಕೊಳ್ಳುವ ಆ ಅಜ್ಜಿಯನ್ನು ಒಬ್ಬಳೇ ಎತ್ತಿ ಕೂರಿಸಬೇಡ, ಯಾರನ್ನಾದರೂ ಕರೆ. ಇಲ್ಲಿ ನಾನು, ಅವ್ವ, ಮಗಳು ಮಂಗಳಗೌರಿ ಚೆನ್ನಾಗಿದ್ದೇವೆ. ಎರಡು ಕುರಿ ಈದಿವೆ. ಇಟಲಿಯಲ್ಲಿ ನಿನ್ನ ಕೆಲಸದ ಎರಡು ವರ್ಷ ಮುಗಿಯಿತು, ಡಿಸೆಂಬರಿಗೆ ಅಮ್ಮ ಬಂದೇ ಬರುತ್ತಾಳೆ ಎಂದು ಮಗಳು ಶಾಲೆಯಲ್ಲೆಲ್ಲ ಸಾರಿಕೊಂಡು ಬಂದಿದ್ದಾಳೆ.

ಇದನ್ನು ಫೋನಿನಲ್ಲೇ ಕೇಳಬಹುದಿತ್ತು. ಕೇಳಿದರೆ ನಕ್ಕು ಮಾತು ತೇಲಿಸಿಬಿಡುತ್ತೀಯ, ಅದಕ್ಕೇ ಕಾಗದ. ಮುಂದಿನ ತಿಂಗಳು ಊರಿಗೆ ಬರುವವಳು ಮೊನ್ನೆ ಹೊಸ ಚಳಿಕೋಟು ಯಾಕೆ ಕೊಂಡೆ? ಮದಲೂರಿಗೆ ತಂದು ಕುರಿಗೆ ಹೊದಿಸುತ್ತೀಯಾ? ಟಿಕೆಟ್ ಮಾತೆತ್ತಿದರೆ ಸಾಕು, ಅಜ್ಜಿ ಕರೆಯುತ್ತಿದ್ದಾರೆ ಅನ್ನುತ್ತೀಯ. ಆ ಅಜ್ಜಿ ನನ್ನ ಪ್ರಶ್ನೆಗೇ ಕಾದು ಕೂತಿರುತ್ತಾರೇನು? ಅನುಮಾನದ ಪ್ರಾಣಿ ಅಂದುಕೋ, ಬೇಜಾರಿಲ್ಲ. ಹೌದು, ಅನುಮಾನವೇ.

ನೀನು ಇಟಾಲಿಯನ್ ಕಲಿಯುವಾಗ ಪಾಠ ಒಪ್ಪಿಸಿಕೊಳ್ಳುತ್ತಿದ್ದವನು ನಾನು, ಮರೆಯಬೇಡ. ಒಂದೊಂದು ಕ್ರಿಯಾಪದವನ್ನೂ ತುಂಡು ಮಾಡಿ, ತುಂಡಿಗೊಂದು ಚಪ್ಪಾಳೆ ತಟ್ಟುತ್ತಿದ್ದೆವು. "ಇದೇನ್ಲಾ, ಗಂಡ ಹೆಂಡ್ತಿ ಭಜನೆ ಸುರು ಮಾಡ್ಬುಟ್ರಾ?" ಎಂದು ಅವ್ವ ಬೈದಿದ್ದಳು. ನಾನು 'ರೆಸ್-ತೊ' ಎಂದು ಬಿಡಿಸಿದರೆ ನೀನು ಒಪ್ಪುತ್ತಿರಲಿಲ್ಲ. ಸಕಾರ ತಕಾರದ ಜೊತೆಗೇ ಹೋಗಬೇಕು, 'ರೆ-ಸ್ತೊ' ಎಂದು ತಿದ್ದುತ್ತಿದ್ದೆ. ಕೊನೆಯ ತುಂಡಿಗೆ ಒತ್ತು ಕೊಡಿ ಎಂದು ನೀನು ಹೇಳಿದಾಗ ನಾನು ತಕಾರಕ್ಕೆ ಇನ್ನೊಂದು ತ ಒತ್ತು ಬರೆದುಬಿಟ್ಟೆ. "ಅಯ್ಯೋ, ಅಕ್ಷರದ ಒತ್ತಲ್ಲ ಕಣ್ರೀ, ದನಿ ಒತ್ತಿ ಅನ್ಬೇಕು" ಎಂದು ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆಮೇಲೆ ಸರಿಯಾಗಿ ಕಲಿಸಿದೆ. ಒತ್ತು ಮೊದಲ ತುಂಡಿಗೆ ಬಿದ್ದರೆ 'ನಾನು ಉಳಿಯುತ್ತೇನೆ' ಎಂದರ್ಥ. ಕೊನೆಯ ತುಂಡಿಗೆ ಬಿದ್ದರೆ ಉಳಿದದ್ದು ಬೇರೆ ಯಾರೋ, ಅದೂ ಎಂದೋ ಆದ ಮಾತು. ಆಗ ಇಟಾಲಿಯನ್ ಬರಹದಲ್ಲಿ ಕೊನೆಯ ಓ ಅಕ್ಷರದ ಮೇಲೆ ಒಂದು ಗೀಟು ಇರಲೇಬೇಕು. ನೀನು ಕಲಿಸಿದ್ದನ್ನು ನಾನು ಮರೆತಿಲ್ಲ.

ಅವ್ವ ನಿನಗೆ ಒಳ್ಳೆಯದಾಗಲೆಂದು ಹರಸಿದ್ದಾಳೆ. ಮಗಳು ಈ ಕಾಗದದ ಮೂಲೆಗೊಂದು ಮುತ್ತು ಕೊಟ್ಟು ಆಡಲು ಓಡಿದಳು.

ನಿನ್ನ
ಸುನಿಲ್‌ಕುಮಾರ್

ಇದೊಂದು ಮಾತು ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ, ಇದಕ್ಕೇ ಕಾಗದ ಹಿಡಿದದ್ದು. ಗುರುವಾರ ವಿಡಿಯೊ ಕಾಲಿನಲ್ಲಿ ನಿನ್ನ ಹಿಂದೆ ಫ್ರಿಜ್ಜಿಗೆ ಒಂದು ಚೀಟಿ ಅಂಟಿಸಿತ್ತು. ನಿನ್ನದೇ ಕೈಬರಹ, ಒಂದೇ ಪದ: ರೆಸ್ತೊ. ಸ್ಕ್ರೀನ್‌ಶಾಟ್ ತೆಗೆದು ದೊಡ್ಡದು ಮಾಡಿ ನೋಡಿದೆ, ಗೀಟು ಕಾಣಲಿಲ್ಲ. ಗೀಟು ಇದ್ದರೆ ಚೀಟಿಯ ಫೋಟೊ ಕಳಿಸು, ತಪ್ಪಾಯಿತೆಂದು ಕೈಮುಗಿಯುತ್ತೇನೆ. ಇಲ್ಲದಿದ್ದರೆ ಫೋಟೊ ಬೇಡ. ಮಗಳಿಗೆ ನೀನೇ ಫೋನ್ ಮಾಡಿ ಹೇಳು. ನನ್ನ ಕೈಲಿ ಆಗುವುದಿಲ್ಲ.