ಬಚ್ಚಿಟ್ಟ ಒಂದು ಹಲಸಿನ ಹಣ್ಣು

ಜೂನ್ ೮, ಶನಿವಾರ. ರಾತ್ರಿ ಎರಡೂವರೆ.

ಕೊಟ್ಟಿಗೆಯಲ್ಲಿ ಒಟ್ಟಿದ್ದ ಸೌದೆ ಉರುಳಿದ ಸದ್ದಿಗೆ ಎಚ್ಚರವಾಯಿತು. ಕಿಟಕಿಯ ಸಂದಿಯಿಂದ ನೋಡಿದೆ. ಆನೆ. ಒಂಟಿ.

ಸಂಜೆ ಅರಣ್ಯ ಇಲಾಖೆಯ ಜೀಪಿನವರು ಮೈಕಿನಲ್ಲಿ ಕೂಗಿಕೊಂಡು ಹೋಗಿದ್ದರು, ಆನೆ ನಮ್ಮೂರು ಹೆಗ್ಗದ್ದೆ ಕಡೆ ತಿರುಗಿದೆ, ಕತ್ತಲಾಗುವುದರೊಳಗೆ ಹಲಸಿನ ಹಣ್ಣೆಲ್ಲ ಇಳಿಸಿ ದೂರ ಸಾಗಿಸಿ ಎಂದು. ತೋಟದ ಲಕ್ಕಪ್ಪ ಮರ ಹತ್ತಿ ಕೆಡವಿದ. ನಾನೂ ಅತ್ತೆಯೂ ಓಡೋಡಿ ಪಿಕಪ್‌ಗೆ ತುಂಬಿದೆವು.

"ಒಂದೂ ಬಿಡ್ಬ್ಯಾಡ ಕಣೇ, ವಾಸ್ನೆ ಹಿಡ್ಕಂಡು ಬಾಗ್ಲಿಗೇ ಬತ್ತದೆ. ಗಂಡಂಗೆ ಇಷ್ಟ ಅಂತ ಬಚ್ಚಿಟ್ಟುಬುಟ್ಟೀಯ!" ಎಂದು ಅತ್ತೆ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಾಗಲೇ ಒಂದನ್ನು ಸೌದೆಯ ಹಿಂದೆ ಇಟ್ಟು ಗೋಣಿಚೀಲ ಮುಚ್ಚಿದ್ದೆ.

ಮಗು ಅತ್ತುಬಿಟ್ಟರೆ ಎಂದು ಎದೆಗೆ ಒತ್ತಿಕೊಂಡೇ ಬರೆಯುತ್ತಿದ್ದೇನೆ. ಅತ್ತೆಯನ್ನು ಎಬ್ಬಿಸಿ ಎಲ್ಲ ಹೇಳಿದೆ. "ಉಸಿರೆತ್ತಬ್ಯಾಡ, ಸುಮ್ನಿರು" ಅಂದರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಈಗ ಸದ್ದಿಲ್ಲ. ಹಣ್ಣು ಮುಗಿಸಿ ರಸ್ತೆಗೆ ಇಳಿದಿರಬೇಕು. ಅದೇ ರಸ್ತೆಯಲ್ಲಿ ಇವರು ಬೆಳಗೋಡಿನ ಅಕ್ಕನ ಮನೆಯಿಂದ ನಸುಕಿಗೇ ಬೈಕಿನಲ್ಲಿ ಬರುತ್ತಾರೆ. "ಹಣ್ಣೆಲ್ಲ ಸಾಗಿಸಿ ಆಯ್ತು, ಧೈರ್ಯವಾಗಿ ಬನ್ನಿ" ಎಂದು ಮೆಸೇಜ್ ಹಾಕಿದವಳು ನಾನೇ. ಎಷ್ಟು ಸಲ ಮಾಡಿದರೂ ಫೋನ್ ಎತ್ತುತ್ತಿಲ್ಲ. ಮಲಗುವಾಗ ಸೈಲೆಂಟ್‌ಗೆ ಹಾಕುವ ಅಭ್ಯಾಸ.

ರೀ, ಎದ್ದ ತಕ್ಷಣ ಬೈಕಿನ ಕೀ ಮುಟ್ಟಬೇಡಿ. ಮೊದಲು ಫೋನ್ ನೋಡಿ. ದಮ್ಮಯ್ಯ, ಬೆಳಕು ಹರಿಯುವ ಮುಂಚೆ ಒಂದೇ ಒಂದು ಸಲ ಫೋನ್ ಮಾಡಿ, ಹೊರಡುವ ಮುಂಚೆ…