ಅವ್ವ ನಕ್ಕ ಫೋಟೊ

ತೇಜಸ್,

ಇದನ್ನು ಕಳಿಸುವ ಧೈರ್ಯ ಇದ್ದಿದ್ದರೆ ಫೋನೇ ಮಾಡುತ್ತಿದ್ದೆ.

ತಂಗಿ ಚೈತ್ರಳ ಮದುವೆಯಲ್ಲಿ ನನ್ನ ಜೊತೆಗೆ ನೀನೂ ತೆಗೆದ ಫೋಟೊಗಳು ಆರು ವರ್ಷದ ಮೇಲೆ ಇವತ್ತು ತೆರೆದುಕೊಂಡವು. ನನ್ನ ಹಳೆಯ ಸಾಫ್ಟ್‌ವೇರ್ ಜೆಪೆಗ್ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ನೀನು ಕೊಟ್ಟದ್ದೆಲ್ಲ ಕ್ಯಾಮೆರಾದಿಂದ ಹಾಗೇ ಇಳಿಸಿದ ರಾ ಫೈಲು. "ನಿನ್ನವು ಓಪನ್ನೇ ಆಗಲ್ಲ, ಬುಡ್ಲಾ" ಎಂದೆ. ಜೆಪೆಗ್ಗಿಗೆ ಬದಲಿಸಿ ಕೊಡು ಎಂದು ಕೇಳಲಿಲ್ಲ. ಆಲ್ಬಮ್ಮಿಗೆ ನನ್ನವೇ ಹೋದವು. ನೀನು ಮತ್ತೆ ಹುಣಸೂರಿನ ನನ್ನ ಸ್ಟುಡಿಯೋಗೆ ಬರಲಿಲ್ಲ.

ಹೊಸ ಸಾಫ್ಟ್‌ವೇರ್ ಇಬ್ಬರ ಫೋಟೊಗಳನ್ನೂ ಗಂಟೆ, ನಿಮಿಷ ನೋಡಿ ಒಂದೇ ಸಾಲಿಗೆ ಜೋಡಿಸಿತು. ಹತ್ತೂ ನಲವತ್ತೆರಡಕ್ಕೆ ನನ್ನದರಲ್ಲಿ ಅವ್ವ ಆಧಾರ್ ಕಾರ್ಡಿಗೆ ನಿಂತವಳಂತೆ ಬಿಗಿದುಕೊಂಡಿದ್ದಾಳೆ. ಅದೇ ನಿಮಿಷ ನಿನ್ನದರಲ್ಲಿ, ನಿನ್ನ ಕಡೆ ತಿರುಗಿ, ಸೆರಗನ್ನು ಬಾಯಿಗೆ ಹಿಡಿದು ನಗುತ್ತಿದ್ದಾಳೆ. ಅದೇನು ಹೇಳಿದೆಯೋ ಅವಳಿಗೆ. ನನ್ನ ಕ್ಯಾಮೆರಾಕ್ಕೆ ಯಾವತ್ತೂ ಹಾಗೆ ನಕ್ಕವಳಲ್ಲ. ಹೊಟ್ಟೆ ಉರಿಯಿತು.

ನಾಳೆ ಅವ್ವನ ವರ್ಷದ ತಿಥಿ. ನಿನ್ನ ಫೋಟೊಕ್ಕೇ ಫ್ರೇಮು ಹಾಕಿಸಿ ಸಂಜೆ ಬೆಟ್ಟದಪುರದ ಮನೆಗೆ ಒಯ್ದೆ. ಮೂಲೆಯಲ್ಲಿ ಎಂದಿನಂತೆ ನನ್ನ ಸ್ಟುಡಿಯೋ ಹೆಸರು.

"ಅವ್ವ ಇಂಗೆ ನಕ್ಕಿರೋದು ಇದೊಂದ್ರಲ್ಲೇ ಕಣಣ್ಣ. ನೀನೇ ತೆಗ್ದಿದ್ದಾ?" ಎಂದಳು ಚೈತ್ರ.

ಹೂಂ ಎಂದೆ.

ಅವಳು ಫ್ರೇಮನ್ನು ಹತ್ತಿರ ಹಿಡಿದು ನೋಡಿದಳು. ಆಮೇಲೆ ಅದರಲ್ಲಿ ಅವ್ವನ ಹಿಂದೆ ಕ್ಯಾಮೆರಾದೊಳಗೆ ತಲೆ ಹಾಕಿಕೊಂಡು ನಿಂತಿದ್ದ ನನ್ನ ಮೇಲೆ ಬೆರಳಿಟ್ಟಳು.