ಒಂದೇ ಬದಿಗೆ ಇಳಿದ ಎಪಾಕ್ಸಿ

ಅಪ್ಪಾ,

ನೀವು ಹೋಗಿ ವರ್ಷವಾದ ಮೇಲೆ, ನೀವು ಮಾಡಿದ ಕೊನೆಯ ಗಾಳದ ಕೋಲನ್ನು ಇವತ್ತು ಅಟ್ಟದಿಂದ ಇಳಿಸಿ ಸರಿಮಾಡಿದೆ. ಕೋಲಿಗೆ ಉಂಗುರಗಳನ್ನು ಬಿಗಿದ ದಾರದ ಸುತ್ತುಗಳ ಮೇಲಿನ ಎಪಾಕ್ಸಿ ಅಂಟು ಉಬ್ಬುತಗ್ಗಾಗಿದ್ದಕ್ಕೆ ಅವತ್ತು ನಾನು ಸಿಡುಕಿದ್ದೆನಲ್ಲ, "ಕೈ ನಡುಗುತ್ತೆ, ಇನ್ನಾದ್ರೂ ಬಿಟ್ಬಿಡಿ ಅಪ್ಪ" ಅಂತ. "ಹೌದು ಕಣಮ್ಮ, ವಯಸ್ಸಾಯ್ತು" ಎಂದಿರಿ. ಆಮೇಲೆ ಇನ್ನೊಂದು ಕೋಲು ಮಾಡಲೇ ಇಲ್ಲ.

ದಾರಕ್ಕೆ ತಾಗದ ಹಾಗೆ ಸ್ಯಾಂಡ್‌ಪೇಪರಿನಿಂದ ಮೆಲ್ಲಗೆ ಉಜ್ಜಿದೆ. ಉಬ್ಬುಗಳೆಲ್ಲ ಒಂದೇ ಬದಿಗಿದ್ದವು. ಒಳಗಿನ ದಾರ ಎಳೆಗೆ ಎಳೆ ಒತ್ತಿ ಕೂತಿತ್ತು; ನಡುಗುವ ಕೈಯ ಕೆಲಸವಲ್ಲ ಅದು.

ಎಪಾಕ್ಸಿ ಗಟ್ಟಿಯಾಗುವವರೆಗೆ ಕೋಲನ್ನು ತಿರುಗಿಸುತ್ತಲೇ ಇರಬೇಕು, ನಿಲ್ಲಿಸಿದರೆ ಅಂಟು ಕೆಳಗಿಳಿಯುತ್ತದೆ. ಅವತ್ತು ನೀವು ಹಚ್ಚಿ ಮುಗಿಸಿ, "ತಿರುಗಿಸ್ತಾ ಇರು, ಸ್ವಲ್ಪ ಅಡ್ಡಾಗಿ ಬರ್ತೀನಿ" ಎಂದು ಒಳಗೆ ಹೋಗಿದ್ದಿರಿ. ನನಗೆ ಫೋನ್ ಬಂತು, ಎದ್ದು ಹೋದೆ. ಮಾತು ಮುಗಿಸಿ ಬಂದಾಗ ನೀವೇ ಕೂತು ತಿರುಗಿಸುತ್ತಿದ್ದಿರಿ. ಅಷ್ಟರಲ್ಲಿ ಅಂಟು ಇಳಿದಾಗಿತ್ತು.

ಇವತ್ತು ತೆಳುವಾಗಿ ಇನ್ನೊಂದು ಕೋಟ್ ಹಚ್ಚಿ, ಸಂಜೆಯವರೆಗೂ ತಿರುಗಿಸುತ್ತಾ ಕೂತಿದ್ದೆ. ಫೋನ್ ಮೂರು ಸಲ ಹೊಡೆದುಕೊಂಡಿತು. ನಾನು ಏಳಲಿಲ್ಲ, ಅಪ್ಪ.